ಹಳೇ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ: ಮೊದಲು ಬ್ಯಾಕಪ್, ಆಮೇಲೆ ಸ್ಕ್ರೂ ಡ್ರೈವರ್

ದಾವಣಗೆರೆಯಲ್ಲಿ ನಿಧಾನವಾದ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಸಾಮಾನ್ಯವಾಗಿ ಕೇಳುವುದು ಇಷ್ಟೇ: "ಅಣ್ಣ, ಡೇಟಾ ಬೇಕಾ? ಫಾರ್ಮ್ಯಾಟ್ ಹೊಡೀಲಾ?" ನಾವೂ ಸುಮ್ನೆ "ಡೆಸ್ಕ್‌ಟಾಪ್ ಮೇಲೆ ಇರೋದು ಸಾಕಪ್ಪ" ಅಂದುಬಿಡುತ್ತೇವೆ. ಟ್ಯಾಲಿ ಲೆಕ್ಕ ಸಿ ಡ್ರೈವ್ ಒಳಗೆಲ್ಲೋ ಇತ್ತು, ಮಗಳ ನಾಮಕರಣದ ಫೋಟೋ ಇನ್ನೊಂದು ಯೂಸರ್ ಹೆಸರಿನಲ್ಲಿತ್ತು ಅನ್ನೋದು ಮನೆಗೆ ಬಂದ ಮೇಲೆ ನೆನಪಾಗುತ್ತದೆ.

ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡ್ರೈವ್, ಕೂರಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನ ಬ್ಯಾಕಪ್ಪೇ ನಿಜವಾದ ಕೆಲಸ. ಹಾಗಾಗಿ ಈ ಲೇಖನದಲ್ಲಿ ಬ್ಯಾಕಪ್‌ಗೆ ಜಾಗ ಜಾಸ್ತಿ, ಸ್ಕ್ರೂ ಬಿಚ್ಚುವುದಕ್ಕೆ ಕಡಿಮೆ. ಮಂಡಿಪೇಟೆಯ ಅಂಗಡಿಯ ಡೆಸ್ಕ್‌ಟಾಪ್ ಇರಲಿ, ಲಗ್ನಪತ್ರಿಕೆ ಮಾಡುವ ಡಿಟಿಪಿ ಸೆಂಟರ್‌ನ ಯಂತ್ರವಿರಲಿ, ಮಕ್ಕಳು ಕಾಲೇಜಿಗೆ ಒಯ್ದ ಹಳೇ ಲ್ಯಾಪ್‌ಟಾಪ್ ಇರಲಿ, ವಿಂಡೋಸ್ ಇದ್ದರೆ ದಾರಿ ಒಂದೇ.

ತಪ್ಪು ಡಿಸ್ಕ್‌ನದ್ದೇನಾ, ಮೊದಲು ನೋಡಿ

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರ್ ಆನ್ ಆಗಿ ಒದ್ದಾಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಡಿಸ್ಕ್ ಕಾಲಂ 100 ಪರ್ಸೆಂಟ್ ಮುಟ್ಟಿ, ಸಿಪಿಯು 10, 20ರಲ್ಲೇ ಇದ್ದರೆ ಎಸ್‌ಎಸ್‌ಡಿಯಿಂದ ಖಂಡಿತ ಲಾಭವಿದೆ. ಸಿಪಿಯುವೇ 100 ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿದರೂ ದೊಡ್ಡ ಬದಲಾವಣೆ ಕಾಣದು. ಮೆಮೊರಿ 90 ದಾಟಿದ್ದರೆ ಮೊದಲು ರ‍್ಯಾಮ್ ನೋಡಿ. 4 ಜಿಬಿ ಇದ್ದದ್ದನ್ನು 8 ಮಾಡಿಸಿ, ಜೊತೆಗೇ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಇನ್ನೂ ಕೆಲವು ವರ್ಷ ಎಳೆಯುತ್ತದೆ.

ಹಳೇ ಹಾರ್ಡ್ ಡಿಸ್ಕ್ ಯಾಕೆ ಇಷ್ಟು ನಿಧಾನ? ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್ ಓದಬೇಕು. ದೊಡ್ಡ ಗೋದಾಮಿನಲ್ಲಿ ಒಬ್ಬನೇ ಗುಮಾಸ್ತ ಒಂದೊಂದು ಚೀಟಿಗೂ ಈ ತುದಿಯಿಂದ ಆ ತುದಿಗೆ ಓಡಾಡಿದ ಹಾಗೆ, ಡಿಸ್ಕ್‌ನ ಹೆಡ್ ಪ್ರತಿ ಫೈಲ್‌ಗೂ ಜಾಗ ಹುಡುಕಿಕೊಂಡು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ಫೈಲ್ ಹುಡುಕಲು ಅದಕ್ಕೆ 0.1 ಮಿಲಿಸೆಕೆಂಡ್‌ನ ಆಸುಪಾಸು ಸಾಕು. ಅದಕ್ಕೇ 2011, 2012ರ ಯಂತ್ರಗಳಲ್ಲೂ ವ್ಯತ್ಯಾಸ ಎದ್ದು ಕಾಣುತ್ತದೆ. "ನಮ್ದು ಹಳೇ ಸಾಟಾ-2 ಪೋರ್ಟ್, ಸ್ಪೀಡ್ ಬರಲ್ಲ" ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಸಾಟಾ ಅಂದರೆ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಕನೆಕ್ಷನ್. ದೊಡ್ಡ ಫೈಲ್ ಕಾಪಿ ಮಾಡುವ ವೇಗ ಅರ್ಧದಷ್ಟೇ ಸಿಗಬಹುದು. ದಿನದ ಕೆಲಸದಲ್ಲಿ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಯಂತ್ರದೊಳಗಿನ ಭದ್ರತೆಯ ವ್ಯವಸ್ಥೆ) ಬೇಕು, ಇಂಟೆಲ್ ಆದರೆ 8ನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕಿಂತ ಹಳೆಯ ಯಂತ್ರದಲ್ಲಿ ಬ್ಯಾಂಕ್ ಕೆಲಸ, ಜಿಎಸ್‌ಟಿ ಫೈಲಿಂಗ್ ಎಲ್ಲ ಮಾಡುವವರು ಇದನ್ನು ಯೋಚಿಸಿಯೇ ದುಡ್ಡು ಹಾಕಿ. ಬರೀ ಟೈಪಿಂಗ್, ಬ್ರೌಸಿಂಗ್‌ಗೆ ಆದರೆ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಮಿಂಟ್ ಹಾಕಿಕೊಂಡರೂ ಚೆನ್ನಾಗಿಯೇ ನಡೆಯುತ್ತದೆ.

ಡಿಸ್ಕ್‌ನ ಆರೋಗ್ಯ

ಈ ಹೆಜ್ಜೆ ಬಿಡಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ತೆರೆದ ತಕ್ಷಣ ಡಿಸ್ಕ್ ಹೇಗಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದರೆ ಸರಿ, ಹಳದಿ ಇದ್ದರೆ ಎಚ್ಚರ, ಕೆಂಪಿದ್ದರೆ ಇವತ್ತೇ ಡೇಟಾ ತೆಗೆದಿಡಿ. ಬಣ್ಣದ ಜೊತೆಗೆ ಮೂರು ಸಾಲು ನೋಡಿ: ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್, ಅನ್‌ಕರೆಕ್ಟಬಲ್ ಸೆಕ್ಟರ್. ಮೂರರ ಮುಂದೆಯೂ ಸೊನ್ನೆ ಇದ್ದರೆ ನೆಮ್ಮದಿ. ಪೆಂಡಿಂಗ್‌ನಲ್ಲಿ ಅಂಕಿ ಇದ್ದರೆ, ಡಿಸ್ಕ್‌ಗೆ ಕೆಲವು ಜಾಗ ಓದಲು ಆಗುತ್ತಿಲ್ಲ ಅಂತ ಅರ್ಥ.

ಅಂಥ ಡಿಸ್ಕ್‌ನ ಮೇಲೆ ಚೆಕ್‌ಡಿಸ್ಕ್, ಡಿಫ್ರ್ಯಾಗ್, ವೈರಸ್ ಸ್ಕ್ಯಾನ್ ಏನೂ ಓಡಿಸಬೇಡಿ. ಎಲ್ಲವೂ ಸುಸ್ತಾದ ಡಿಸ್ಕ್‌ನ ಮೇಲೆ ಇನ್ನಷ್ಟು ಭಾರ ಹಾಕುತ್ತವೆ. ನೇರವಾಗಿ ಕ್ಲೋನ್ ಮಾಡಲೂ, ಅಂದರೆ ವಿಂಡೋಸ್ ಸಮೇತ ಇಡೀ ಡಿಸ್ಕನ್ನೇ ಇನ್ನೊಂದಕ್ಕೆ ನಕಲು ಮಾಡಲೂ ಹೋಗಬೇಡಿ. ಕ್ಲೋನ್ ಮಾಡುವ ಸಾಫ್ಟ್‌ವೇರ್ ಬೇಕಾದದ್ದು, ಬೇಡದ್ದು ಎಲ್ಲವನ್ನೂ ಓದಿಸುತ್ತದೆ. ಡಿಸ್ಕ್ ಸಾಯುವಂತಿದ್ದರೆ ಅರ್ಧ ದಾರಿಯಲ್ಲೇ ಕೈ ಕೊಡುತ್ತದೆ. ಮೊದಲು ಲೆಕ್ಕದ ಫೈಲ್, ಆಮೇಲೆ ಫೋಟೋ, ಆಮೇಲೆ ಉಳಿದದ್ದು, ಈ ಕ್ರಮದಲ್ಲಿ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಪವರ್ ತೆಗೆಯಿರಿ. ಡೇಟಾಗೆ ಬೆಲೆ ಇದ್ದರೆ ಡೇಟಾ ರಿಕವರಿಯವರ ಹತ್ತಿರವೇ ಹೋಗಿ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತನ್ನೆಲ್ಲ ನಂಬಬೇಡಿ.

ಏನೇನು ಕಾಪಿ ಮಾಡಬೇಕು

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ. ಪೆನ್ ಡ್ರೈವ್ ಬ್ಯಾಕಪ್‌ಗೆ ಆಗಿಬರುವುದಿಲ್ಲ, ಅದು ಕಳೆದುಹೋಗುವುದೇ ಜಾಸ್ತಿ. ಹಳೇ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೆ ಹೆಚ್ಚು. ಆ ಲೆಕ್ಕದಲ್ಲಿ 200 ಜಿಬಿಗೆ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಸಣ್ಣ ಫೈಲ್‌ಗಳೇ ತುಂಬಿದ್ದರೆ ಇನ್ನೂ ಹೆಚ್ಚು. ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುವ ಪೋರ್ಟ್ 3.0, ಅದಿದ್ದರೆ ಅದರಲ್ಲೇ ಚುಚ್ಚಿ.

ಸಿ ಡ್ರೈವ್‌ನಲ್ಲಿ ಯೂಸರ್ಸ್ ಅನ್ನುವ ಫೋಲ್ಡರ್ ಇದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅದರೊಳಗೇ ಇರುತ್ತವೆ. ಒಂದೊಂದನ್ನೇ ಆರಿಸುತ್ತಾ ಕೂರುವ ಬದಲು ಯೂಸರ್ಸ್ ಫೋಲ್ಡರನ್ನೇ ಪೂರ್ತಿ ಕಾಪಿ ಮಾಡಿ. ಕೆಲವು ಫೈಲ್ ಬಳಕೆಯಲ್ಲಿದೆ ಅಂತ ತಕರಾರು ಬಂದರೆ ಸ್ಕಿಪ್ ಕೊಡಿ. ಆದರೆ ಸ್ಕಿಪ್ ಕೊಟ್ಟ ಫೈಲ್‌ನ ಹೆಸರು ಓದಿಯೇ ಕೊಡಿ. ಔಟ್‌ಲುಕ್ ಬಳಸುವವರ ಮೇಲ್‌ಗಳಿರುವ ಪಿಎಸ್‌ಟಿ ಫೈಲ್ ಹೀಗೇ ತಪ್ಪಿಹೋಗುತ್ತದೆ. ಔಟ್‌ಲುಕ್ ಮುಚ್ಚಿ ಮತ್ತೆ ಕಾಪಿ ಮಾಡಿ. ಡಿ, ಇ ಡ್ರೈವ್‌ಗಳನ್ನೂ ಮರೆಯಬೇಡಿ. "ಫಾರ್ಮ್ಯಾಟ್ ಹೊಡೆದರೂ ಡಿ ಡ್ರೈವ್‌ಗೆ ಏನೂ ಆಗಲ್ಲ" ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ತುಂಡುಗಳು. ಡಿಸ್ಕೇ ಬದಲಾದರೆ ಎರಡೂ ಹೋಗುತ್ತವೆ.

ಅಂಗಡಿಯವರು ಟ್ಯಾಲಿ ಡೇಟಾವನ್ನು ಎರಡು ರೀತಿ ತೆಗೆದಿಡಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲಿ ಬ್ಯಾಕಪ್ ಇದೆ. ಇದೊಂದು. ಟ್ಯಾಲಿಯ ಡೇಟಾ ಫೋಲ್ಡರನ್ನೇ ಹಾಗೆಹಾಗೇ ಕಾಪಿ ಮಾಡುವುದು ಇನ್ನೊಂದು. ಪ್ರತಿ ಕಂಪನಿಗೂ ಬರೀ ಸಂಖ್ಯೆಯ ಹೆಸರಿರುವ ಒಂದು ಫೋಲ್ಡರ್ ಇರುತ್ತದೆ, ಅವೆಲ್ಲವೂ ಬೇಕು. ಲೈಸೆನ್ಸ್ ಆ ಕಂಪ್ಯೂಟರ್‌ಗೇ ಕಟ್ಟಿಕೊಂಡಿರುತ್ತದೆ. ಹೊಸದಾಗಿ ವಿಂಡೋಸ್ ಹಾಕುವುದಿದ್ದರೆ ಮೊದಲೇ ಅದನ್ನು ಸರೆಂಡರ್ ಮಾಡಿ, ಆಮೇಲೆ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಿ. ಮೆಕ್ಕೆಜೋಳದ ಸೀಸನ್ ನಡುವೆ ಇಂಥ ಕೆಲಸಕ್ಕೆ ಕೈ ಹಾಕಲೇಬೇಡಿ. ಎಪಿಎಂಸಿ ರಜೆಯ ದಿನ ನೋಡಿಕೊಳ್ಳಿ.

ಡಿಟಿಪಿಯವರಿಗೂ ಕನ್ನಡದಲ್ಲಿ ಟೈಪ್ ಮಾಡುವ ಎಲ್ಲರಿಗೂ ಮುಖ್ಯವಾದ ವಿಷಯ ಫಾಂಟ್. ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳು ಯುನಿಕೋಡ್ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ. ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಲಗ್ನಪತ್ರಿಕೆ ತೆರೆದರೆ ವರನ ಹೆಸರೂ ಇಲ್ಲ, ಮುಹೂರ್ತವೂ ಇಲ್ಲ, ಬರೀ ಅರ್ಥವಾಗದ ಗುರುತುಗಳು. ಫೈಲ್ ಬ್ಯಾಕಪ್ ಇದ್ದೂ ಕೆಲಸಕ್ಕೆ ಬಾರದ ಪರಿಸ್ಥಿತಿ ಇದು. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇದೆ, ಅದನ್ನು ಪೂರ್ತಿ ಕಾಪಿ ಮಾಡಿ. ಯಾವ ಫಾಂಟ್ ಬೇಕು, ಯಾವುದು ಬೇಡ ಅಂತ ಆಮೇಲೆ ನೋಡಿದರಾಯಿತು. ಪೇಜ್‌ಮೇಕರ್, ಕೋರಲ್‌ಡ್ರಾ ಫೈಲ್‌ಗಳಲ್ಲಿ ಗಿರಾಕಿಗಳು ಮತ್ತೆ ಮತ್ತೆ ಕೇಳುವಂಥವನ್ನು ಪಿಡಿಎಫ್ ಕೂಡ ಮಾಡಿಟ್ಟುಕೊಳ್ಳಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಂಡರೆ ಯಾವ ಯಂತ್ರದಲ್ಲೂ ತೆರೆಯುತ್ತದೆ. ಸಂಘ, ಮಠ, ಶಾಲೆಗಳ ಹಳೇ ದಾಖಲೆ ಇದ್ದವರು ಬಿಡುವಾದಾಗ ಯುನಿಕೋಡ್‌ಗೆ ಬದಲಾಯಿಸಿಬಿಡಿ.

ಇನ್ನುಳಿದದ್ದು ಸಣ್ಣಪುಟ್ಟ. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಪ್ರಿಂಟರ್ ಮತ್ತು ಡಿಜಿಟಲ್ ಸಹಿಯ ಟೋಕನ್‌ನ ಡ್ರೈವರ್ ಎಲ್ಲಿ ಸಿಗುತ್ತದೆ ಅಂತ ನೋಡಿಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಕಾಪಿ ಮುಗಿಯಿತು ಅಂದಮಾತ್ರಕ್ಕೆ ಬ್ಯಾಕಪ್ ಆಯಿತು ಅಂತಲ್ಲ. ಎರಡೂ ಕಡೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ ಹೋಲಿಸಿ. ಆಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಒಂದಷ್ಟು ಫೋಟೋ, ಒಂದು ಎಕ್ಸೆಲ್ ಶೀಟ್, ಒಂದು ನುಡಿ ಫೈಲ್ ತೆರೆದು ನೋಡಿ. ಟೆರಾಕಾಪಿಯಂಥ ಸಾಫ್ಟ್‌ವೇರ್ ಬಳಸಿದರೆ ಕಾಪಿ ಆದದ್ದನ್ನು ಅದೇ ಮತ್ತೊಮ್ಮೆ ಓದಿ ತಾಳೆ ನೋಡುತ್ತದೆ. ತೀರಾ ಮುಖ್ಯವಾದದ್ದನ್ನು ಗೂಗಲ್ ಡ್ರೈವ್‌ಗೂ ಹಾಕಿ. 15 ಜಿಬಿ ಉಚಿತ. ಲೆಕ್ಕಪತ್ರಕ್ಕೆ, ಸ್ಕ್ಯಾನ್ ಮಾಡಿದ ದಾಖಲೆಗೆ ಧಾರಾಳವಾಗಿ ಸಾಕು.

ಯಾವ ಎಸ್‌ಎಸ್‌ಡಿ

ಹಳೇ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗೆ ಬೇಕಾಗುವುದು ಬಹುತೇಕ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಚಪ್ಪಟೆ ಪೆಟ್ಟಿಗೆಯ ಹಾಗಿರುತ್ತದೆ, ದಪ್ಪ 7 ಮಿಲಿಮೀಟರ್. ಹಳೇ ಲ್ಯಾಪ್‌ಟಾಪ್‌ನ ಜಾಗ 9.5 ಮಿಲಿಮೀಟರ್ ಇದ್ದರೆ ಅಲ್ಲಾಡದಂತೆ ಒಂದು ಪ್ಲಾಸ್ಟಿಕ್ ಪಟ್ಟಿ ಕೂರಿಸಬೇಕು. ಎಂ.2 ಅನ್ನುವುದು ಉದ್ದನೆಯ ತೆಳು ಪಟ್ಟಿ. ಅದರಲ್ಲೂ ಸಾಟಾ ಬೇರೆ, ಎನ್‌ವಿಎಂಇ ಬೇರೆ. ಸ್ಲಾಟ್ ಒಂದೇ ಥರ ಕಂಡರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯದೇ ಇರಬಹುದು. ಯಂತ್ರದ ಮಾಡೆಲ್ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಿ.

ಸೈಜ್ ವಿಷಯದಲ್ಲಿ ಒಂದು ಕಿರಿಕಿರಿ ಇದೆ. ಹಳೇ ಡಿಸ್ಕ್ 500 ಜಿಬಿ ಇದ್ದು 480 ಜಿಬಿಯ ಎಸ್‌ಎಸ್‌ಡಿ ತಂದರೆ ಕ್ಲೋನೆಜಿಲ್ಲಾದಂಥ ಸಾಫ್ಟ್‌ವೇರ್ ಮಾಮೂಲಿ ಕ್ರಮದಲ್ಲಿ ಕ್ಲೋನ್ ಮಾಡಲು ಒಪ್ಪುವುದಿಲ್ಲ, ಒಳಗೆ ಬರೀ 100 ಜಿಬಿ ತುಂಬಿದ್ದರೂ ಅಷ್ಟೇ. 500 ಅಥವಾ 512 ತಂದರೆ ಆ ತಲೆನೋವಿಲ್ಲ.

ಪದೇಪದೇ ಬರೆದರೆ ಎಸ್‌ಎಸ್‌ಡಿ ಸವೆಯುತ್ತದಲ್ವಾ ಅಂತ ಕೇಳುವವರಿದ್ದಾರೆ. ಸವೆಯುತ್ತದೆ. ಆದರೆ ಲೆಕ್ಕ ಹಾಕಿ. ಸ್ಯಾಮ್‌ಸಂಗ್ 870 ಈವೋ 500 ಜಿಬಿಗೆ ಕಂಪನಿ ಹೇಳಿರುವ ಮಿತಿ 300 ಟೆರಾಬೈಟ್. ದಿನಕ್ಕೆ 20 ಜಿಬಿ ಬರೆದರೂ 15,000 ದಿನ, ಅಂದರೆ 41 ವರ್ಷ. ಅಷ್ಟರೊಳಗೆ ಬೇರೆ ಯಾವುದೋ ಕಾರಣಕ್ಕೆ ಅದು ಕೆಡುತ್ತದೆ ಬಿಡಿ. ಹೆಸರಿಲ್ಲದ ಅಗ್ಗದ ಮಾಲು ಬೇಡ. ಬಿಲ್ ತೆಗೆದುಕೊಳ್ಳಿ, ವಾರಂಟಿ 3 ವರ್ಷವೋ 5 ವರ್ಷವೋ ಕೇಳಿ.

ಕ್ಲೋನೋ, ಹೊಸದಾಗಿ ವಿಂಡೋಸೋ

ಡಿಸ್ಕ್ ಆರೋಗ್ಯವಾಗಿದ್ದು, ಸಾಫ್ಟ್‌ವೇರ್‌ಗಳ ಸಿಡಿ, ಕೀ ಯಾವುದೂ ಕೈಯಲ್ಲಿಲ್ಲ ಅಂದರೆ ಕ್ಲೋನ್ ಮಾಡಿ. ಎಲ್ಲ ಇದ್ದ ಹಾಗೇ ಬರುತ್ತದೆ. ಡಿಟಿಪಿ ಸೆಂಟರ್‌ಗಳಿಗೆ ನಾನು ಹೇಳುವುದು ಇದನ್ನೇ, ಯಾಕೆಂದರೆ ಹಳೇ ಪೇಜ್‌ಮೇಕರ್ ಮತ್ತೆ ಹಾಕಿ ಫಾಂಟ್ ಕೂರಿಸುವುದು ದೊಡ್ಡ ರಗಳೆ. ಮನೆಯ ಲ್ಯಾಪ್‌ಟಾಪ್‌ಗೆ ಆದರೆ ಹೊಸದಾಗಿ ವಿಂಡೋಸ್ ಹಾಕುವುದೇ ವಾಸಿ. ವರ್ಷಗಟ್ಟಲೆ ಸೇರಿಕೊಂಡ ಕಸ ಹೋಗುತ್ತದೆ. ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಹೊಂದಿಕೊಂಡಿರುವುದರಿಂದ ಬರೀ ಡಿಸ್ಕ್ ಬದಲಾದರೆ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಡಿಸ್ಕ್ ಹಳದಿಯೋ ಕೆಂಪೋ ಇದ್ದರೆ ಕ್ಲೋನ್ ಮಾತೇ ಬೇಡ.

ಕ್ಲೋನ್ ಮಾಡಲು ಯುಎಸ್‌ಬಿಯಿಂದ ಸಾಟಾಗೆ ಹಾಕುವ ಕೇಬಲ್ ಬೇಕು, ಅದರಲ್ಲಿ ಎಸ್‌ಎಸ್‌ಡಿ ಸಿಕ್ಕಿಸಿ. ಸ್ಯಾಮ್‌ಸಂಗ್, ಕ್ರೂಶಿಯಲ್, ಡಬ್ಲ್ಯೂಡಿ ಕಂಪನಿಗಳು ತಮ್ಮ ಡಿಸ್ಕ್ ಕೊಂಡವರಿಗೆ ಉಚಿತ ಕ್ಲೋನ್ ಸಾಫ್ಟ್‌ವೇರ್ ಕೊಡುತ್ತವೆ. ಹೊಸಬರಿಗೆ ಅದೇ ಸುಲಭ. ಬೇರೆ ಬ್ರ್ಯಾಂಡ್ ಆದರೆ ಕ್ಲೋನೆಜಿಲ್ಲಾ ಇದೆ, ಪೂರ್ತಿ ಉಚಿತ. ಅದನ್ನು ರೂಫಸ್ ಅನ್ನುವ ಸಾಫ್ಟ್‌ವೇರ್ ಬಳಸಿ ಪೆನ್ ಡ್ರೈವ್‌ಗೆ ಹಾಕಬೇಕು.

ಮೊದಲು ಬಿಟ್‌ಲಾಕರ್ ಆಫ್ ಮಾಡಿ. ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಕೊಡಿ. ಹಾಗೆ ಮಾಡಿದರೆ ವಿಂಡೋಸ್ ಪೂರ್ತಿ ಮಲಗುತ್ತದೆ, ಇಲ್ಲದಿದ್ದರೆ ಅರ್ಧ ನಿದ್ದೆಯಲ್ಲಿರುತ್ತದೆ ಮತ್ತು ಕ್ಲೋನೆಜಿಲ್ಲಾ ತಕರಾರು ತೆಗೆಯುತ್ತದೆ. ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಡಿವೈಸ್-ಡಿವೈಸ್, ಬಿಗಿನರ್ ಮೋಡ್, ಲೋಕಲ್ ಡಿಸ್ಕ್‌ನಿಂದ ಲೋಕಲ್ ಡಿಸ್ಕ್‌ಗೆ ಅಂತ ಆರಿಸಿ. ಈಗ ಸೋರ್ಸ್ ಯಾವುದು, ಟಾರ್ಗೆಟ್ ಯಾವುದು ಅಂತ ಕೇಳುತ್ತದೆ. ಇಡೀ ಕೆಲಸದಲ್ಲಿ ಜೀವ ಹೋಗುವ ಜಾಗ ಇದೊಂದೇ. ಅದಲು ಬದಲಾದರೆ ಖಾಲಿ ಎಸ್‌ಎಸ್‌ಡಿ ಬಂದು ನಿಮ್ಮ ಹಳೇ ಡಿಸ್ಕ್ ಮೇಲೆ ಕೂರುತ್ತದೆ. ಸೈಜ್ ಎರಡೂ 500 ಇದ್ದರೆ ಗೊತ್ತಾಗದು, ಕಂಪನಿಯ ಹೆಸರು, ಮಾಡೆಲ್ ಓದಿ. ಅವಸರವಿದ್ದರೆ ಎದ್ದು ಚಹಾ ಕುಡಿದು ಬನ್ನಿ.

ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಳೆ ಗಾಳಿಯ ದಿನ ಕ್ಲೋನ್ ಬೇಡ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಯೇ ಇಡಿ. ನಡುವೆ ಕರೆಂಟ್ ಹೋದರೆ ಹಳೇ ಡಿಸ್ಕ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಕ್ಲೋನ್ ಮಾತ್ರ ಮೊದಲಿಂದ ಶುರು ಮಾಡಬೇಕು.

ಕೂರಿಸುವುದು

ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಒಣ ಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಇರುತ್ತದೆ, ಒಳಗೆ ಕೈ ಹಾಕುವ ಮುಂಚೆ ಬರಿಗೈಯಲ್ಲಿ ಲೋಹದ ಏನನ್ನಾದರೂ ಮುಟ್ಟಿ. ಬಿಚ್ಚಿದ ಸ್ಕ್ರೂಗಳಲ್ಲಿ ಉದ್ದ, ಗಿಡ್ಡ ಎರಡೂ ಇರುತ್ತವೆ, ಫೋಟೋ ತೆಗೆದುಕೊಂಡೇ ಬಿಚ್ಚಿ. ಹಳೇ ಡಿಸ್ಕ್‌ನ ಕ್ಯಾಡಿಯನ್ನು (ಡಿಸ್ಕ್ ಕೂರುವ ಚೌಕಟ್ಟು) ಎಸ್‌ಎಸ್‌ಡಿಗೆ ಹಾಕಿ ಅದೇ ಜಾಗಕ್ಕೆ ಜಾರಿಸಿದರೆ ಮುಗಿಯಿತು. ಹೇಗೂ ಬಿಚ್ಚಿದ್ದೀರಿ, ಫ್ಯಾನ್ ಮೇಲಿನ ದೂಳನ್ನೂ ಬ್ರಷ್‌ನಿಂದ ತೆಗೆಯಿರಿ. ಹತ್ತಿ ಮಿಲ್, ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಗಳ ಯಂತ್ರದಲ್ಲಿ ಅದು ಹಾಸಿಗೆಯಂತೆ ಕೂತಿರುತ್ತದೆ.

ಡೆಸ್ಕ್‌ಟಾಪ್‌ನಲ್ಲಿ ಒಂದು ಸಾಟಾ ಕೇಬಲ್, ಒಂದು ಪವರ್ ಕನೆಕ್ಟರ್ ಅಷ್ಟೇ. ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕ್ ಕೇಬಲ್ ತೆಗೆದಿರಿ. ಕ್ಲೋನ್ ಆದ ಎರಡು ಡಿಸ್ಕ್‌ಗಳ ಗುರುತು ಸಂಖ್ಯೆ ಒಂದೇ ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ.

ಆನ್ ಆಗದಿದ್ದರೆ ಗಾಬರಿ ಬೇಡ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಬೂಟ್ ಆರ್ಡರ್, ಅಂದರೆ ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕು ಅನ್ನುವುದನ್ನು ನೋಡಿ. ಯಂತ್ರ ಶುರುವಾಗುವ ಕ್ರಮ ಎರಡು, ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಹಳೇ ಡಿಸ್ಕ್ ಲೆಗಸಿ ಕ್ರಮದಲ್ಲಿ ಓಡುತ್ತಿದ್ದರೆ ಕ್ಲೋನ್ ಕೂಡ ಲೆಗಸಿಯಲ್ಲೇ ಓಡುತ್ತದೆ, ಯುಇಎಫ್‌ಐ ಆದರೆ ಯುಇಎಫ್‌ಐ. ಸಾಟಾ ಮೋಡ್ ಐಡಿಇ ಅನ್ನುವ ಹಳೇ ಕ್ರಮದಲ್ಲಿದ್ದರೆ ಎಎಚ್‌ಸಿಐ ಅನ್ನುವ ಹೊಸ ಕ್ರಮಕ್ಕೆ ಬದಲಾಯಿಸುವುದು ಒಳ್ಳೆಯದು. ಆದರೆ ನೇರವಾಗಿ ಬದಲಾಯಿಸಿದರೆ ನೀಲಿ ಪರದೆ ಬರುತ್ತದೆ. ವಿಂಡೋಸ್ 10 ಆದರೆ ಮೊದಲು ಸೇಫ್ ಮೋಡ್‌ಗೆ ಹೋಗುವಂತೆ ಮಾಡಿ, ಆಮೇಲೆ ಬಯಾಸ್ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದು ಮಾಮೂಲಿಗೆ ಬನ್ನಿ.

ತೆರೆದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ಡಿಫ್ರ್ಯಾಗ್ ಅಂತ ಹುಡುಕಿ. ಮೀಡಿಯಾ ಟೈಪ್‌ನಲ್ಲಿ ಸಾಲಿಡ್ ಸ್ಟೇಟ್ ಡ್ರೈವ್ ಅಂತ ಕಂಡರೆ ಸರಿ. ಮುಂದಿನದನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ.

ಇನ್ನು ಮುಂದೆ

ಎಸ್‌ಎಸ್‌ಡಿ ಬಂತು, ಬ್ಯಾಕಪ್ ಚಿಂತೆ ಹೋಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಉಲ್ಟಾ. ಹಾರ್ಡ್ ಡಿಸ್ಕ್ ಅನೇಕ ಸಲ ಸದ್ದು ಮಾಡಿ, ನಿಧಾನವಾಗಿ, ಮುನ್ಸೂಚನೆ ಕೊಟ್ಟು ಸಾಯುತ್ತದೆ. ಎಸ್‌ಎಸ್‌ಡಿ ಕೆಟ್ಟರೆ ಒಂದು ಬೆಳಿಗ್ಗೆ ಸುಮ್ಮನೆ ಕಾಣದೇ ಹೋಗಬಹುದು. ಅಳಿಸಿದ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿ ಎಷ್ಟೋ ಸಲ ಮರಳಿ ಸಿಗುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ತೊಳೆದುಬಿಡುವುದರಿಂದ ಅದು ಸಿಗುವುದು ಕಷ್ಟ. ಹಾಗಾಗಿ ಬ್ಯಾಕಪ್‌ಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಅಂಗಡಿಯವರಿಗೆ ಅಮಾವಾಸ್ಯೆ ಸರಿಯಾಗಿ ಹೊಂದುತ್ತದೆ. ಪೂಜೆಗೆ ಹೇಗೂ ಎಲ್ಲ ಒರೆಸಿ, ಯಂತ್ರಕ್ಕೆ ಕುಂಕುಮ ಇಡುತ್ತೀರಿ, ಆಗಲೇ ಎಕ್ಸ್‌ಟರ್ನಲ್ ಡಿಸ್ಕ್ ಹಚ್ಚಿ. ಕಾಪಿ ಆದ ಮೇಲೆ ಅದನ್ನು ಅಂಗಡಿಯಲ್ಲೇ ಬಿಡದೆ ಮನೆಗೆ ಒಯ್ಯಿರಿ. ಟ್ಯಾಲಿ ಬ್ಯಾಕಪ್ ಮಾತ್ರ ದಿನವೂ ಬೇಕು.

ಹಳೇ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಮುಟ್ಟಬೇಡಿ. ಯಾವುದೋ ಫೈಲ್ ಬಿಟ್ಟುಹೋಗಿದ್ದು ಜಿಎಸ್‌ಟಿ ಕಟ್ಟುವ ದಿನವೇ ಗೊತ್ತಾಗುತ್ತದೆ. ತಿಂಗಳಾದ ಮೇಲೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಆ ಮೂರು ಸಾಲಿನಲ್ಲಿ ಸೊನ್ನೆಯೇ ಇದ್ದರೆ ಒಂದು ಯುಎಸ್‌ಬಿ ಕೇಸ್ ತಂದು ಅದರಲ್ಲಿ ಹಾಕಿ, ಎರಡನೇ ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳಿ. ವರ್ಷಗಟ್ಟಲೆ ಬೀರುವಿನಲ್ಲಿಡುವ ಬ್ಯಾಕಪ್‌ಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ಒಳ್ಳೆಯದು. ಕರೆಂಟ್ ಸಿಗದೆ ಬಹಳ ಕಾಲ ಬಿದ್ದಿದ್ದರೆ ಎಸ್‌ಎಸ್‌ಡಿಯ ಡೇಟಾ ಮಾಸಿಹೋಗಬಹುದು. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇರುವ ಕೇಸ್ ಬೇಕು, ಯುಎಸ್‌ಬಿ ಪವರ್ ಅದಕ್ಕೆ ಸಾಲದು.

ಡಿಸ್ಕ್ ಕೆಟ್ಟಿದ್ದರೆ, ಅಥವಾ ಮಾರುವುದಿದ್ದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಡಬೇಡಿ. ಅದರಲ್ಲಿ ಡೇಟಾ ಹೋಗುವುದಿಲ್ಲ, ಪಟ್ಟಿ ಮಾತ್ರ ಹೋಗುತ್ತದೆ. ಫಾರ್ಮ್ಯಾಟ್ ಕಿಟಕಿಯಲ್ಲಿ ಕ್ವಿಕ್ ಅನ್ನುವ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಫಾರ್ಮ್ಯಾಟ್ ಕೂಡ ಆಗದಷ್ಟು ಕೆಟ್ಟಿದ್ದರೆ ಗುಜರಿಗೆ ಹಾಗೇ ಹಾಕಬೇಡಿ. ಮುಚ್ಚಳ ಬಿಚ್ಚಿ ತಟ್ಟೆಯ ಮೇಲೆ ಸ್ಕ್ರೂ ಡ್ರೈವರ್‌ನಿಂದ ಚೆನ್ನಾಗಿ ಗೀರಿ, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಗೀರುವಾಗ ಕಣ್ಣಿಗೆ ಕನ್ನಡಕ ಇರಲಿ. ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ತಟ್ಟೆ ಗಾಜಿನದ್ದಾಗಿದ್ದರೆ ಚೂರಾಗಿ ಸಿಡಿಯುತ್ತದೆ.